ಕುಡುಕನ ಹೆಂಡತಿ

“ನಿಮ್ಮಪ್ಪನ ಮನೆ ಟವೆಲ್ಲೇನೇ ಇದು, ಬೆವರು ಒರೆಸ್ಕೊಳ್ಳೋಕೆ?”

ಮೇಸ್ತ್ರಿ ಬಿಳಿ ಹೊದಿಕೆಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲದಿಂದ ಎತ್ತಿದ ಹಾಗೆ ಎತ್ತಿ ಅವಳ ಮುಖಕ್ಕೆ ಹಿಡಿದ. ಅವಳು ಒರೆಸಿಕೊಂಡಿರಲಿಲ್ಲ. ಹಣೆಯಿಂದ ಬೆವರು ತಾನಾಗಿಯೇ ತೊಟ್ಟಿಕ್ಕಿ, ರೋಲರಿನ ಶಾಖಕ್ಕೆ ಬಟ್ಟೆಯ ಮೇಲೇ ಸುಟ್ಟು ಹಳದಿ ಕಲೆಯಾಗಿತ್ತು.

“ಮತ್ತೆ ಒಗೆಯೋಕೆ ಹಾಕ್ತೀನಿ ಬಿಡಿ.”

“ಹಾಕ್ತಾಳಂತೆ! ಸೋಪು ನಿಮ್ಮತ್ತೆ ತಂದ್ಕೊಡ್ತಾಳಾ? ದೊಡ್ಡ ಹೋಟ್ಲಿಗೆ ಹೋಗೋ ಮಾಲು ಕಣೇ, ಮುಂಡೇದೆ. ಅಲ್ಲಿ ಮಲಗೋರು ನಿನ್ನ ಬೆವರು ಮೂಸ್ಕೊಂಡು ಮಲಗ್ಬೇಕಾ?”

ಹೊದಿಕೆಯನ್ನು ಅವಳ ತಲೆಯ ಮೇಲೆ ಎಸೆದು ಹೋದ. ಅವಳು ಅದನ್ನು ತೆಗೆದು ಪಕ್ಕದ ಬುಟ್ಟಿಗೆ ಹಾಕಿ ಮುಂದಿನದನ್ನು ಎತ್ತಿಕೊಂಡಳು.

ಅದು ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಒಗೆದು ಹಿಂಡಿ ಅರೆ ಒದ್ದೆಯಾಗಿ ಬಂದ ಹೊದಿಕೆಗಳನ್ನು ಸುಕ್ಕು ಬೀಳದಂತೆ ಅಗಲಕ್ಕೆ ಹಿಡಿದು, ಕುದಿಯುವ ಹಬೆ ತುಂಬಿದ ಉದ್ದದ ರೋಲರಿನ ಬಾಯಿಗೆ ಕೊಡುವುದು ಅವಳ ಕೆಲಸ. ಆ ಕಡೆಯಿಂದ ಹೊದಿಕೆ ಹಪ್ಪಳದಂತೆ ಗರಿಗರಿಯಾಗಿ ಬರುತ್ತಿತ್ತು. ಎಲ್ಲರೂ ಅವಳನ್ನು ರೋಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಬೆರಳ ತುದಿಗಳಿಗೆ ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ತಿಳಿಯುವುದು ಎಂದೋ ನಿಂತುಹೋಗಿತ್ತು. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು. ಮಗಳು ಹೆದರಿ ಕೂಗುತ್ತಿದ್ದಳು. ಮೇಸ್ತ್ರಿಯ ಬೈಗುಳವೂ ಅವಳಿಗೆ ಆ ಪಾತ್ರೆಯ ಹಾಗೇ ಆಗಿತ್ತು. ಬಿಸಿ ಇದೆ ಎಂದು ಗೊತ್ತು, ಅಷ್ಟೆ.

ಆವತ್ತು ಊಟದ ಹೊತ್ತಿಗೆ ಯಾರೂ ಬುತ್ತಿ ಬಿಚ್ಚುವಂತಿರಲಿಲ್ಲ. ಯಜಮಾನರ ಹೆಂಡತಿ ಬಂದಿದ್ದರು. ಅವರನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ಬಡವರಿಗೋಸ್ಕರ ಒಂದು ಸಂಘ ಕಟ್ಟಿಕೊಂಡಿದ್ದರು. ಕೆಲಸದವರ ಜೊತೆ ಮಾತಾಡಬೇಕೆಂದು ಅವರ ಆಸೆ. ಹೆಂಗಸರೆಲ್ಲ ಮೈಲಿಗೆ ಬಟ್ಟೆಯ ಮೂಟೆಗಳ ಮೇಲೆ ಕೂತರು. ಅಮ್ಮಾವ್ರಿಗೆ ಕಚೇರಿಯಿಂದ ಕುರ್ಚಿ ಬಂತು. ಅವರು ಕೂರಲಿಲ್ಲ. ನಿಂತೇ ಮಾತಾಡಿದರು. ದನಿ ಮೆತ್ತಗಿತ್ತು. ಕೆಟ್ಟ ಹೆಂಗಸಲ್ಲ.

“ಬಡತನ ಜೇಬಲ್ಲಿಲ್ಲ, ಇಲ್ಲಿದೆ,” ಎಂದು ಹಣೆಯ ಮೇಲೆ ಬೆರಳಿಟ್ಟರು. “ಮೊದಲು ಬೇಗ ಏಳೋದು ಕಲೀಬೇಕು. ನಮ್ಮ ಯಜಮಾನ್ರು ಎಷ್ಟೊತ್ತಿಗೆ ಏಳ್ತಾರೆ ಗೊತ್ತಾ? ಐದಕ್ಕೆ.”

“ಐದರವರೆಗೂ ಮಲಗೋಕೆ ಬಿಟ್ರೆ ನಾವೂ ಉದ್ಧಾರ ಆಗ್ತೀವಿ ಅಮ್ಮಾವ್ರೆ,” ಎಂದಳು ಕುಳ್ಳಿ.

ಕುಳ್ಳಿ ಕಿಟಕಿ ಪಕ್ಕದ ಮೇಜಿನಲ್ಲಿ ಹೊದಿಕೆ ಮಡಿಸುವವಳು. ಎತ್ತರ ಅಷ್ಟಕ್ಕಷ್ಟೆ, ನಾಲಿಗೆ ಮಾತ್ರ ಮಾರುದ್ದ. ಮೂಟೆಗಳ ಮೇಲೆ ನಗೆ ಹರಡಿತು. ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿದ. ಅಮ್ಮಾವ್ರು ತಾವೂ ನಕ್ಕು ಮುಂದುವರಿಸಿದರು.

“ಎರಡನೇದು, ಮಕ್ಕಳು. ಸಾಲಾಗಿ ಹೆತ್ತುಬಿಟ್ರೆ ಹೇಗೆ?”

“ನಂಗೆ ಒಂದೂ ಇಲ್ಲ ಅಮ್ಮಾವ್ರೆ. ಆದ್ರೂ ಯಾಕೋ ಸಾಹುಕಾರ್ತಿ ಆಗ್ಲೇ ಇಲ್ಲ ನೋಡಿ.”

“ಬಾಯ್ಮುಚ್ಚೇ ಲೌಡಿ,” ಎಂದು ಮೇಸ್ತ್ರಿ ಹಲ್ಲುಕಚ್ಚಿ ಗೊಣಗಿದ.

“ಇರ್ಲಿ ಬಿಡಿ ಮೇಸ್ತ್ರಿ, ನಗ್ಲಿ. ನನಗೆ ಇವರನ್ನ ನೋಡಿದ್ರೆ ಹೊಟ್ಟೆಕಿಚ್ಚಾಗತ್ತೆ. ಏನೂ ಚಿಂತೆಯಿಲ್ಲ, ಮಲಗಿದ್ರೆ ನಿದ್ದೆ. ನನಗೆ ಮಾತ್ರೆಯಿಲ್ದೆ ಕಣ್ಣೇ ಮುಚ್ಚಲ್ಲ.”

ಮಾತು ಮುಗಿಯುವ ಹೊತ್ತಿಗೆ ಊಟದ ಹೊತ್ತೂ ಮುಗಿದಿತ್ತು. ಹೊರಡುವಾಗ ಅಮ್ಮಾವ್ರು ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ ರೋಲರಕ್ಕನ ಮುಂದೆ ನಿಂತರು. ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ಇವಳು. ಈ ಕಣ್ಣು ನೋಡಿ. ಇವಳೇ ಸರಿ,” ಎಂದರು.

ಸಂಘದವರು ಚಿತ್ರ ಮಾಡುತ್ತಾರಂತೆ. ಅದನ್ನು ನೋಡಿದವರು ಬಡವರಿಗೆ ಸಹಾಯ ಮಾಡುತ್ತಾರಂತೆ. ಅದರಲ್ಲಿ ಅವಳ ಮುಖ ಬರುತ್ತದಂತೆ. ಮೇಸ್ತ್ರಿ ಇಷ್ಟನ್ನು ಹೇಳಿ, “ರಜಾ ದಿನ ಮನೇಲಿರು. ಗುಡಿಸಿ ಸಾರಿಸಿ ಇಡ್ಬೇಡ, ಹಾಗೇ ಬಿಡು,” ಎಂದ.

ಆದರೆ ಆ ದಿನ ಅವಳು ಕೈಯ ಅಭ್ಯಾಸಕ್ಕೆ ಬೆಳಿಗ್ಗೆಯೇ ಗುಡಿಸಿ ಸಾರಿಸಿಬಿಟ್ಟಿದ್ದಳು.

ಅವರಿದ್ದದ್ದು ಒಂದೇ ಕೋಣೆ. ಅತ್ತೆಗೆ ಕಬ್ಬಿಣದ ಮಂಚ, ತಾಯಿ ಮಗಳಿಗೆ ನೆಲ. ಹರಿದು ಕೆಲಸಕ್ಕೆ ಬಾರದ ಹೋಟೆಲಿನ ಹೊದಿಕೆಯೊಂದನ್ನು ಕತ್ತರಿಸಿ, ಹೊಲಿದು ಕಿಟಕಿಗೆ ಪರದೆ ಮಾಡಿದ್ದಳು. ಮೂಲೆಯಲ್ಲಿ ಫ್ರಿಜ್ಜು. ಅವಳ ಗಂಡ ಕಾರ್ಖಾನೆಯ ವ್ಯಾನಿಗೆ ಮೂಟೆ ಹೊರುತ್ತಿದ್ದಾಗ, ಒಂದು ಹೋಟೆಲಿನವರು ಹಿಂದಿನ ಅಂಗಳಕ್ಕೆ ಬಿಸಾಡಿದ್ದನ್ನು ಹೊತ್ತು ತಂದು ರಿಪೇರಿ ಮಾಡಿಸಿದ್ದು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ರಬ್ಬರ್ ಪಟ್ಟಿ ಬಿಗಿಯಬೇಕು. ಅದರೊಳಗೆ ನೀರಿನ ಬಾಟಲಿಯೂ ಅತ್ತೆಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಸೀಸೆಗಳೂ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅಮ್ಮಾವ್ರು, ಮೇಸ್ತ್ರಿಯ ಜೊತೆ ಬಂದ ಕ್ಯಾಮೆರಾದವನು ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಒಂದು ಸಲ ನೋಡಿ ತಲೆ ಕೆರೆದುಕೊಂಡ.

“ಇಷ್ಟು ಕ್ಲೀನಾಗಿದ್ರೆ ಹೇಗೆ?”

“ಹೇಳಿದ್ದೆ ಸಾರ್, ಗುಡಿಸ್ಬೇಡ ಅಂತ. ದರಿದ್ರ ಮುಂಡೇವಕ್ಕೆ ಹೇಳಿದ್ದು ತಲೆಗೆ ಹೋಗಲ್ಲ,” ಎಂದ ಮೇಸ್ತ್ರಿ.

“ಪರದೆ ತೆಗೀರಿ. ಚೆನ್ನಾಗಿದೆ ಅದು.” ಪರದೆ ಹೋಯಿತು. “ಅಯ್ಯೋ, ಫ್ರಿಜ್ಜು!”

ಅಮ್ಮಾವ್ರು ಫ್ರಿಜ್ಜನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಬೈಯಲಿಲ್ಲ. ತಾವು ನಂಬಿದ್ದ ಯಾರೋ ಕೈಕೊಟ್ಟ ಹಾಗೆ ಅವರ ಮುಖ ಸಣ್ಣಗಾಯಿತು.

“ನೋಡಮ್ಮಾ, ಇದನ್ನೇ ನಾನು ಆವತ್ತು ಹೇಳಿದ್ದು. ಹೊಟ್ಟೆಗಿಲ್ದಿದ್ರೂ ಇಂಥವೆಲ್ಲ ಯಾಕೆ ಬೇಕು ನಿಮಗೆ?”

“ಅತ್ತೆ ಔಷಧಿ ಅಮ್ಮಾವ್ರೆ. ತಣ್ಣಗಿರ್ಬೇಕು ಅಂದ್ರು ಡಾಕ್ಟ್ರು.”

“ಇರಬಹುದು. ನೋಡೋರು ನಂಬಬೇಕಲ್ಲ? ಫ್ರಿಜ್ಜಿರೋ ಮನೆಗೆ ಯಾರು ಸಹಾಯ ಮಾಡ್ತಾರೆ?”

ಮೇಸ್ತ್ರಿಯೂ ಅವರನ್ನು ಕರೆತಂದಿದ್ದ ಡ್ರೈವರನೂ ಸೇರಿ ಅದನ್ನು ಅಡ್ಡ ಮಲಗಿಸಿಕೊಂಡು ಹೊರಗೆ ಸಾಗಿಸಿ ಓಣಿಯ ಬಿಸಿಲಲ್ಲಿ ಇಟ್ಟರು. ಅತ್ತೆ, “ಅಯ್ಯೋ, ಮೆತ್ತಗೆ, ನನ್ನ ಮಗ ತಂದಿದ್ದು, ಮೆತ್ತಗೆ ಕಣ್ರಪ್ಪಾ,” ಎನ್ನುತ್ತ ಮಂಚದಿಂದ ಕೈ ಚಾಚಿದಳು. ಆಮೇಲೆ ಮಂಚವೂ ಬೇಡವೆಂದಾಯಿತು.

“ಅಜ್ಜಿ ನೆಲದ ಮೇಲೆ ಮಲಗ್ಲಿ.”

“ಕೆಳಗೆ ಮಲಗಿದ್ರೆ ನಂಗೆ ಏಳೋಕಾಗಲ್ಲಪ್ಪ, ಕಾಲು ಬಾತಿದೆ.”

“ಐದೇ ನಿಮಿಷ ಅಜ್ಜಿ.”

ಮಗಳು ಸ್ಕೂಲಿನ ಶೂಗಳನ್ನು ತಾನೇ ಉಜ್ಜಿ ಹೊಳೆಯುವ ಹಾಗೆ ಮಾಡಿ ಹಾಕಿಕೊಂಡು, ಎರಡು ಜಡೆ ಹಾಕಿಸಿಕೊಂಡು ನಿಂತಿದ್ದಳು. ಅವಳಿಗೆ ಹತ್ತು ವರ್ಷ. ಚಿತ್ರದಲ್ಲಿ ಬರುತ್ತೇನೆಂದು ಗೆಳತಿಯರಿಗೆಲ್ಲ ಹೇಳಿಬಂದಿದ್ದಳು. ಕ್ಯಾಮೆರಾದವನು ನಯವಾಗಿಯೇ ಅವಳ ಶೂ ಬಿಚ್ಚಿಸಿದ, ಜಡೆ ಬಿಚ್ಚಿ ಕೂದಲು ಕೆದರಿದ. ಒಲೆಯ ಕೆಳಗೆ ಬೆರಳಾಡಿಸಿ ಅವಳ ಕೆನ್ನೆಗೆ ಮಸಿ ಹಚ್ಚಿದ. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಗೋಡೆಯ ಕಡೆ ನೋಡುತ್ತಿದ್ದಳು.

ಆಮೇಲೆ ರೋಲರಕ್ಕನ ಸರದಿ. ಅಮ್ಮಾವ್ರು ಕ್ಯಾಮೆರಾದ ಹಿಂದೆ ನಿಂತು ಕೇಳಿದರು. “ನಿನ್ನ ಗಂಡ ಹೇಗೆ ಹೋದ?”

“ಗುಂಡೀಲಿ.”

“ಯಾವ ಗುಂಡಿ?”

“ಕಾರ್ಖಾನೆ ಹಿಂದುಗಡೆ ಕೊಳಚೆ ಗುಂಡಿ. ಬಟ್ಟೆಯಿಂದ ಉದುರೋ ದಾರದ ಹೊಟ್ಟು ಕಟ್ಕೊಂಡು ನೀರು ಹೋಗ್ತಿರ್ಲಿಲ್ಲ. ಇಳೀ ಅಂದ್ರು. ಇಳಿದ. ಒಳಗೆ ಗಾಳಿ ಕೆಟ್ಟಿತ್ತು.”

ಮೇಸ್ತ್ರಿ ಕೆಮ್ಮಿದ. “ಕುಡೀತಿದ್ದ ಅಮ್ಮಾವ್ರೆ. ಕುಡಿದು ಗುಂಡಿಗೆ ಬಿದ್ದ. ಆಗ್ಲೇ ಪೊಲೀಸ್ನೋರೂ ಹಾಗೇ ಬರ್ಕೊಂಡ್ರು. ಯಜಮಾನ್ರು ದೊಡ್ಡ ಮನಸ್ಸು ಮಾಡಿ ಇವಳಿಗೆ ರೋಲರ್ ಕೆಲಸ ಕೊಟ್ರು.”

“ಹೌದಾ?” ಅಮ್ಮಾವ್ರು ನಿಟ್ಟುಸಿರು ಬಿಟ್ಟರು. ಅವರಿಗೆ ನಿಜವಾಗಿಯೂ ಮರುಕವಾಗಿತ್ತು. “ಎಲ್ಲರ ಮನೇಲೂ ಇದೇ ಕಥೆ. ಗಂಡನ ಮಾನ ಕಾಯೋಕೆ ಇವರು ಏನು ಬೇಕಾದ್ರೂ ಹೇಳ್ತಾರೆ, ಪಾಪ. ನಾಚ್ಕೋಬೇಡಮ್ಮ. ನಿಜ ಹೇಳು. ನಿನ್ನಂಥ ಎಷ್ಟೋ ಹೆಣ್ಣುಮಕ್ಕಳಿಗೆ ಧೈರ್ಯ ಬರತ್ತೆ.”

ಮೇಸ್ತ್ರಿ ಅವಳ ತೋಳು ಹಿಡಿದು ಹೊರಗೆ ಫ್ರಿಜ್ಜಿನ ಪಕ್ಕಕ್ಕೆ ಎಳೆದುಕೊಂಡು ಹೋದ. ದನಿ ತಗ್ಗಿಸಿದ.

“ಏನೇ, ಗುಂಡಿ ಗಿಂಡಿ ಅಂತ ಹೊಸಾ ರಾಗ ಎಳೀತಿದೀಯ? ಹೋದೋನು ಹೋದ. ಇರೋರ ಹೊಟ್ಟೆ ನೋಡ್ಕೋ. ಹೇಳ್ಕೊಟ್ಟಿದ್ದು ಹೇಳಿದ್ರೆ ನಾಳೆಯಿಂದ ಮಡಿಸೋ ಮೇಜಿಗೆ ಹಾಕ್ತೀನಿ. ಕಿಟಕಿ ಪಕ್ಕ. ತಂಪು. ಹೇಳ್ಲಿಲ್ಲಾ, ನಾಳೆಯಿಂದ ಗೇಟಿನ ಹತ್ರ ಸುಳೀಬೇಡ. ಮುದುಕಿ ಔಷಧಿ, ಮಗಳ ಸ್ಕೂಲು, ಎಲ್ಲಾ ನಿನ್ನ ಗಂಡ ಮೇಲಿಂದ ಕಳಿಸ್ತಾನಾ ನೋಡಾಣ.”

ಅವಳು ಫ್ರಿಜ್ಜಿನ ಬಾಗಿಲ ಮೇಲೆ ಕೈಯಿಟ್ಟಿದ್ದಳು. ತಗಡು ಕಾದಿರಬೇಕು. ಅವಳಿಗೆ ತಿಳಿಯಲಿಲ್ಲ.

ಒಳಗೆ ಬಂದು ಕ್ಯಾಮೆರಾದ ಮುಂದೆ ಕೂತು ಹೇಳಿದಳು. “ನನ್ನ ಗಂಡ ಕುಡೀತಿದ್ದ. ದುಡಿದಿದ್ದೆಲ್ಲ ಕುಡಿದು ಹಾಳು ಮಾಡ್ದ. ಕುಡಿದೇ ಸತ್ತ. ನಮ್ಮನ್ನ ಬೀದಿಗೆ ಹಾಕ್ದ.”

“ಇನ್ನೊಂದ್ ಸಲ. ಸ್ವಲ್ಪ ನೋವು ಬರ್ಲಿ.”

ಮತ್ತೆ ಹೇಳಿದಳು.

“ಇನ್ನೊಂದ್ ಸಲ. ಅಳು ಬಂದ್ರೆ ತಡ್ಕೋಬೇಡಿ.”

ಅಳು ಬರಲಿಲ್ಲ. ಹೇಳುತ್ತ ಹೇಳುತ್ತ ಆ ಮಾತುಗಳು ಹೊದಿಕೆಗಳ ಹಾಗೆ ಒಂದರ ಹಿಂದೆ ಒಂದು ಬಂದು ಹೋದವು. ಯಾವುದು ಯಾರದೆಂದು ನೋಡುವ ಕೆಲಸ ಅವಳದಾಗಿರಲಿಲ್ಲ. ಕೊನೆಗೆ ಕ್ಯಾಮೆರಾದವನು, “ಬಿಡಿ, ಆ ಖಾಲಿ ಮುಖಾನೇ ಚೆನ್ನಾಗಿ ಬಂದಿದೆ,” ಎಂದ.

ನೆಲದ ಮೇಲೆ ಮಲಗಿದ್ದ ಅತ್ತೆ ಕಣ್ಣು ಬಿಟ್ಟುಕೊಂಡು ಸೊಸೆಯನ್ನೇ ನೋಡುತ್ತಿದ್ದಳು.

ಹೊರಡುವಾಗ ಅವರು ಫ್ರಿಜ್ಜನ್ನು ಒಳಗಿಡುವುದನ್ನು ಮರೆತರು. ಅಕ್ಕಪಕ್ಕದವರು ಕೆಲಸದಿಂದ ಬಂದ ಮೇಲೆ ಇಬ್ಬರು ಗಂಡಸರು ಎತ್ತಿ ತಂದಿಟ್ಟರು. ಪ್ಲಗ್ಗು ಹಾಕಿದರೆ ಒಂದು ಸಲ ಗುಡುಗುಟ್ಟಿ ಸುಮ್ಮನಾಯಿತು. ಒಳಗಿದ್ದ ಸೀಸೆಗಳಲ್ಲಿನ ಔಷಧಿ ಬಿಸಿಲಿಗೆ ಮಂಕಾಗಿತ್ತು. ಹೊಸದು ಸಿಗುವವರೆಗೆ ಅತ್ತೆಗೆ ಅದನ್ನೇ ಚುಚ್ಚಿದಳು. ಅತ್ತೆಗೆ ನಾಲಿಗೆ ಒಣಗಿತು, ಮೈ ಸೋತುಹೋಯಿತು. ನಾಲ್ಕು ದಿನ ಮಂಚ ಬಿಟ್ಟು ಇಳಿಯಲಿಲ್ಲ. ಹೊಸ ಸೀಸೆಯನ್ನು ಮಣ್ಣಿನ ಗಡಿಗೆಯ ನೀರಲ್ಲಿ ಇಟ್ಟುಕೊಂಡು ಹೇಗೋ ನಡೆಯಿತು. ಸೊಸೆ ಬಾಯಿಗೆ ನೀರು ಹಿಡಿದರೆ ಅತ್ತೆ ಕುಡಿಯುತ್ತಿದ್ದಳು, ತುತ್ತು ಹಿಡಿದರೆ ತಿನ್ನುತ್ತಿದ್ದಳು. ಮಾತು ಮಾತ್ರ ಇಲ್ಲ. ಏನಾದರೂ ಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದಳು, “ಪುಟ್ಟಿ, ನೀರು ಕೊಡು ಅನ್ನು ಅವಳಿಗೆ.”

ಮೇಸ್ತ್ರಿ ಮಾತು ಉಳಿಸಿಕೊಂಡ. ಅವಳನ್ನು ಕಿಟಕಿ ಪಕ್ಕದ ಮೇಜಿಗೆ ಹಾಕಿದ.

ಅಲ್ಲಿ ಹೊದಿಕೆ ಮಡಿಸುವುದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು ದೂರ ನಿಂತು, ಜಗ್ಗಿ, ಒಬ್ಬರ ಹತ್ತಿರ ಒಬ್ಬರು ಬಂದು ತುದಿಗೆ ತುದಿ ಸೇರಿಸಿ, ಮತ್ತೆ ಹಿಂದೆ ಸರಿದು, ಮತ್ತೆ ಹತ್ತಿರ ಬರಬೇಕು. ಅವಳ ಜೊತೆ ಕುಳ್ಳಿ. ಮೊದಲ ಕೆಲವು ದಿನ ಕುಳ್ಳಿಗೆ ಹಿಗ್ಗೋ ಹಿಗ್ಗು. “ಬಾ ರೋಲರಕ್ಕ, ಡ್ಯಾನ್ಸ್ ಮಾಡಾಣ,” ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಬಂದವಳು ಮುಖ ಗಂಟಿಕ್ಕಿಕೊಂಡು ಹೊದಿಕೆಯ ತುದಿ ಹಿಡಿದಳು. ಜಗ್ಗಿದ ರಭಸಕ್ಕೆ ರೋಲರಕ್ಕ ಮುಗ್ಗರಿಸುವಂತಾಯಿತು.

“ನಿನ್ನೆ ಸರ್ಕಲ್ಲಲ್ಲಿ ನಿನ್ನ ನೋಡ್ದೆ,” ಹತ್ತಿರ ಬಂದಾಗ ಕುಳ್ಳಿ ಅಂದಳು. “ಆ ಜಾಹೀರಾತಿನ ದೊಡ್ಡ ಪರದೆ ಮೇಲೆ.”

ಹಿಂದೆ ಸರಿದರು.

“ಮುಖ ಇಷ್ಟಗಲ. ಬಸ್ಸಿನಷ್ಟು ದೊಡ್ಡ ಬಾಯಿ.”

ಹತ್ತಿರ ಬಂದರು.

“ನಿನ್ನ ಗಂಡನ್ನ ಗುಂಡಿಯಿಂದ ಎಳೆದೋರಲ್ಲಿ ನಾನೂ ಒಬ್ಬಳು ಕಣೇ. ತಲೆ ನನ್ನ ತೊಡೆ ಮೇಲಿತ್ತು. ಉಸಿರು ಬರ್ಲಿ ಅಂತ ಬಾಯಿಗೆ ಬಾಯಿಟ್ಟು ಊದಿದೀನಿ ನಾನು. ಕುಡಿದಿದ್ರೆ ನಂಗೆ ವಾಸನೆ ಬರ್ತಿರ್ಲಿಲ್ವಾ? ಕೊಳಚೆ ವಾಸನೆ ಬಂತು. ಸೋಪಿನ ವಾಸನೆ ಬಂತು. ಅಷ್ಟೇ.”

ಅವಳು ಹೊದಿಕೆಯ ತುದಿಗಳನ್ನು ಕುಳ್ಳಿಯ ಕೈಗೆ ಕೊಟ್ಟು ಮುಂದಿನದನ್ನು ಎತ್ತಿಕೊಂಡಳು. ಕುಳ್ಳಿ ಅದರ ತುದಿ ಹಿಡಿಯಲಿಲ್ಲ.

“ಕಿಟಕಿ ಗಾಳಿ ಹೇಗಿದೆ? ತಂಪಾಗಿದ್ಯಾ?”

“ನಾನೇನ್ ಮಾಡ್ಲಿ ಕುಳ್ಳಿ?”

“ನಂಗೇನ್ ಗೊತ್ತು? ನಾನೂ ಪೊಲೀಸ್ನೋರ ಮುಂದೆ ಬಾಯಿ ಮುಚ್ಕೊಂಡೇ ನಿಂತಿದ್ದೆ. ನಾನೇನು ಕಡಿದು ಕಟ್ಟೆ ಹಾಕಿದೀನಿ ಅಂತ ನಿಂಗೆ ಹೇಳ್ಲಿ.” ಕುಳ್ಳಿಯ ದನಿ ಒಡೆಯಿತು. ಅವಳು ಪಕ್ಕಕ್ಕೆ ತಿರುಗಿ ಉಗಿದಳು. ಮೇಸ್ತ್ರಿ ಆ ಕಡೆಯಿಂದ, “ಏನ್ರೇ ಅಲ್ಲಿ, ಸಂಬಂಧ ಕುದುರಿಸ್ತಿದೀರಾ?” ಎಂದು ಕೂಗಿದ. ಕುಳ್ಳಿ ತುದಿ ಹಿಡಿದಳು. ಸಂಜೆಯವರೆಗೆ ಇಬ್ಬರೂ ಹತ್ತಿರ ಬಂದರು, ದೂರ ಸರಿದರು.

ಮನೆಗೆ ಬಂದರೆ ಮಗಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಊಟ ಬೇಡವೆಂದಳು. ಮಲಗುವ ಹೊತ್ತಿಗೆ ಕೇಳಿದಳು.

“ಅಮ್ಮಾ, ಅಪ್ಪ ನಿಂಗೆ ಹೊಡೀತಿದ್ರಾ?”

“ಯಾರಂದ್ರು?”

“ಕುಡುಕರು ಹೊಡೀತಾರಂತೆ. ಸ್ಕೂಲಲ್ಲಿ ಎಲ್ಲಾರೂ ಅಂತಾರೆ. ನನ್ನನ್ನ ಕುಡುಕನ ಮಗಳು ಅಂತಾರೆ.” ಅವಳು ಸಿಟ್ಟಾಗಿರಲಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳುತ್ತಿದ್ದಳು. “ನಂಗೆ ಅಪ್ಪ ನೆನಪಿಲ್ಲ. ಎತ್ಕೊಂಡು ವ್ಯಾನಲ್ಲಿ ಕೂರಿಸಿದ್ದು ಒಂದು ನೆನಪಿದೆ. ಆಗಲೂ ಕುಡಿದಿದ್ರಾ?”

ಮಂಚದ ಮೇಲಿದ್ದ ಅತ್ತೆ ಎದ್ದು ಕೂತಳು. ಸೊಸೆ ಏನು ಹೇಳುತ್ತಾಳೆಂದು ಕಾದಳು. ಸೊಸೆಯ ಬಾಯಿ ತೆರೆಯಿತು. ಹೇಳಬೇಕಾದ್ದು ಗಂಟಲವರೆಗೆ ಬಂದಿತ್ತು. ಅದರ ಹಿಂದೆಯೇ ಗೇಟು, ಔಷಧಿ, ಸ್ಕೂಲು ಎಲ್ಲವೂ ಬಂದು ನಿಂತವು. ಈ ಹುಡುಗಿ ಸ್ಕೂಲಲ್ಲಿ ಹೇಳಿದರೆ ಅದು ಯಾವ ಕಿವಿಗೆ ಹೋದೀತೋ.

“ಮಲಕ್ಕೋ ಹೋಗು,” ಎಂದಳು.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಸಂಜೆ ಬಂದರೆ ಮಂಚ ಖಾಲಿ. ಮೂಲೆಯಲ್ಲಿದ್ದ ಊರುಗೋಲೂ ಇಲ್ಲ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ, “ನಿಮ್ಮತ್ತೆ ಮಧ್ಯಾಹ್ನಾನೇ ಹೋದ್ರಲ್ಲ. ಸರ್ಕಲ್ ಕಡೆಗೆ. ಎಲ್ಲಿಗಜ್ಜಿ ಅಂದ್ರೆ, ಮಗನ ಕೆಲಸ ಇದೆ ಅಂದ್ರು,” ಎಂದಳು.

ಅವಳು ಮಗಳ ಕೈ ಹಿಡಿದುಕೊಂಡು ಹೊರಟಳು.

ಸರ್ಕಲ್ಲಿನಲ್ಲಿ ಕೆಲಸ ಬಿಟ್ಟು ಮನೆಗೆ ಹೋಗುವವರ ನೂಕುನುಗ್ಗಲು. ಎದುರು ಕಟ್ಟಡದ ನೆತ್ತಿಯ ಮೇಲೆ ಪರದೆ. ಅದರಲ್ಲಿ ಯಾವುದೋ ಕಾರು ಹೋಯಿತು, ಯಾರೋ ಹಲ್ಲುಜ್ಜಿ ನಕ್ಕರು. ಆಮೇಲೆ ಅವಳ ಮುಖ ಬಂತು. ಅವಳು ಅದನ್ನು ಮೊದಲ ಸಲ ನೋಡುತ್ತಿದ್ದಳು. ಅದು ತನ್ನದೆಂದು ಅವಳಿಗೆ ಅನಿಸಲಿಲ್ಲ. ಯಾರೋ ಬೇರೆ ಹೆಂಗಸು, ಖಾಲಿ ಕಣ್ಣು. ಆ ಹೆಂಗಸು ಬಾಯಿ ತೆರೆದು, “ನನ್ನ ಗಂಡ ಕುಡೀತಿದ್ದ,” ಎಂದಳು. ದನಿ ಬಸ್ಸುಗಳ ಸದ್ದನ್ನೂ ಮೀರಿ ಕೇಳಿಸಿತು.

ಪರದೆಯ ಕೆಳಗೆ, ರಸ್ತೆ ದಾಟುವವರು ಕಾಯುವ ಕಡೆ, ಅತ್ತೆ ನಿಂತಿದ್ದಳು. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಮೇಲಕ್ಕೆ ಚಾಚಿತ್ತು. ಬಾತ ಕಾಲಿಗೆ ಚಪ್ಪಲಿ ಹಿಡಿಸದೆ ಬಿಟ್ಟುಬಂದಿದ್ದಳು.

“ಸುಳ್ಳು ಕಣ್ರಪ್ಪಾ ಅದು. ಅವನು ನನ್ನ ಮಗ. ಒಂದು ತೊಟ್ಟು ಮುಟ್ಟಿದೋನಲ್ಲ. ಕೇಳಿ ಇಲ್ಲಿ. ಸುಳ್ಳು ಅದು.”

ಮಧ್ಯಾಹ್ನದಿಂದ ಹೇಳಿ ಹೇಳಿ ದನಿ ಉಡುಗಿತ್ತು. ಜನ ಅವಳನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಚೀಲ ಹೆಗಲಿಗೇರಿಸಿದ್ದ ಒಬ್ಬ ನಿಂತು, ಜೇಬು ತಡಕಿ, ಚಾಚಿದ ಕೈಯಲ್ಲಿ ಒಂದು ನಾಣ್ಯ ಇಟ್ಟು ಹೊರಟ. ಮುದುಕಿ ಅದನ್ನು ನೋಡಿದಳು. ಬಲವನ್ನೆಲ್ಲ ಸೇರಿಸಿ ಅವನ ಬೆನ್ನಿಗೆ ಎಸೆದಳು.

“ಭಿಕ್ಷೆ ಕೇಳಿದ್ನೇನೋ ನಿನ್ನ, ಬೋಳಿಮಗನೆ! ಮಾತು ಕೇಳು ಅಂದೆ. ಮಾತು!”

ಸುತ್ತ ಒಂದಿಬ್ಬರು ನಕ್ಕರು. ಅವಳು ಹೋಗಿ ಅತ್ತೆಯ ತೋಳು ಹಿಡಿದಳು.

“ಮನೆಗೆ ನಡೀರಿ ಅತ್ತೆ. ಕಾಲು ನೋಡಿ ಹೇಗಾಗಿದೆ.”

ಎಷ್ಟೋ ದಿನಗಳ ಮೇಲೆ ಅತ್ತೆ ಅವಳ ಮುಖ ನೋಡಿ ಮಾತಾಡಿದಳು.

“ನೀನು ಹೋಗು. ನಿಂಗೆ ಕೆಲಸ ಇದೆ, ಮಗಳಿದಾಳೆ. ನಿನ್ನ ತಪ್ಪು ಅಂತ ನಾನು ಹೇಳಿಲ್ಲ. ನಂಗೆ ಇರೋದು ಅವನ ಹೆಸರೊಂದೇ ಕಣೇ. ಅದನ್ನೂ ಗುಂಡಿಗೆ ಹಾಕಿದ್ರೆ ಹೆತ್ತೋಳು ನಾನು ಯಾಕಿರ್ಬೇಕು?”

ಮಗಳು ಅಜ್ಜಿಯನ್ನು ನೋಡಿದಳು, ಪರದೆಯನ್ನು ನೋಡಿದಳು, ಅಮ್ಮನ ಕೈ ಜಗ್ಗಿದಳು. “ಅಮ್ಮಾ, ಯಾವುದು ನಿಜ?”

ಸಿಗ್ನಲ್ ಕೆಂಪಾಗಿ ಗಾಡಿಗಳು ನಿಂತವು. ಮುಂದಿನ ಸಾಲಿನಲ್ಲೇ ಕಾರ್ಖಾನೆಯ ಬಿಳಿ ವ್ಯಾನು. ಡ್ರೈವರನ ಪಕ್ಕದಲ್ಲಿ ಮೇಸ್ತ್ರಿ ಕೂತಿದ್ದ. ಮೊದಲು ಮುದುಕಿಯನ್ನು ಕಂಡ, ಆಮೇಲೆ ಅವಳನ್ನು. ಕಿಟಕಿಯಿಂದ ತಲೆ ಹೊರಹಾಕಿದ.

“ಏಯ್! ಏನೇ ನಿಮ್ಮ ನಾಟಕ ಬೀದೀಲಿ? ಎತ್ತಾಕ್ಕೊಂಡು ಹೋಗೇ ಮುದೇವೀನ. ನಾಳೆ ಬೆಳಿಗ್ಗೆ ಬಾ, ಇದೆ ನಿಂಗೆ.”

ಅವಳು ಅವನನ್ನು ನೋಡಿದಳು. ಸಿಟ್ಟು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಭಯವೂ ಬರಲಿಲ್ಲ. ಎದೆಯಲ್ಲಿ ಹುಡುಕಿದರೆ ಕೈಗೆ ಏನೂ ಸಿಗಲಿಲ್ಲ. ಮಗಳ ಪ್ರಶ್ನೆ ಒಂದು ಹಾಗೇ ನಿಂತಿತ್ತು.

“ಅಜ್ಜಿ ಹೇಳ್ತಿರೋದು ನಿಜ,” ಎಂದಳು.

“ಜೋರಾಗಿ ಹೇಳು,” ಎಂದಳು ಅತ್ತೆ.

ಅವಳು ರಸ್ತೆ ದಾಟಲು ಕಾದಿದ್ದವರ ಕಡೆ ತಿರುಗಿದಳು. ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ, ಅಷ್ಟೇ ಸಪ್ಪಗೆ, ಆದರೆ ಕೇಳಿಸುವ ಹಾಗೆ ಹೇಳಿದಳು. “ಮೇಲೆ ಮಾತಾಡ್ತಿರೋದು ನಾನೇ. ನಾನು ಸುಳ್ಳು ಹೇಳ್ದೆ. ನನ್ನ ಗಂಡ ಕುಡೀತಿರ್ಲಿಲ್ಲ. ಬಟ್ಟೆ ಕಾರ್ಖಾನೆ ಗುಂಡಿ ಕಟ್ಕೊಂಡಿತ್ತು. ಹಗ್ಗ ಇಲ್ದೆ ಒಳಗಿಳಿಸಿದ್ರು. ಇಳಿಸ್ದೋನು ಅಗೋ, ಆ ವ್ಯಾನಲ್ಲಿ ಕೂತಿದಾನೆ.”

ತಲೆಗಳು ತಿರುಗಿದವು. ಮೇಲಿನ ಮುಖವನ್ನು ನೋಡಿದರು, ಕೆಳಗಿನ ಮುಖವನ್ನು ನೋಡಿದರು, ವ್ಯಾನನ್ನು ನೋಡಿದರು. ಮೇಸ್ತ್ರಿ ತಲೆ ಒಳಗೆಳೆದುಕೊಂಡು ಗಾಜು ಏರಿಸತೊಡಗಿದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಡ್ರೈವರನ ಭುಜಕ್ಕೆ ಗುದ್ದುತ್ತಿದ್ದ. ಸಿಗ್ನಲ್ ಇನ್ನೂ ಕೆಂಪಗೇ ಇತ್ತು.

ರಸ್ತೆ ದಾಟಬೇಕಾದವರಲ್ಲಿ ಕೆಲವರು ದಾಟಿದರು. ಕೆಲವರು ನಿಂತರು. ಒಬ್ಬಾಕೆ ಕೈಚೀಲ ಕೆಳಗಿಟ್ಟು, “ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ,” ಎಂದಳು.

ಅವಳು ಮಗಳ ಕೈ ಬಿಡದೆ ಮತ್ತೆ ಮೊದಲಿಂದ ಹೇಳತೊಡಗಿದಳು.